ಅಲ್ಲಿ ಕಟ್ಟಿದ ಬೆಲ್ಟನ್ನು ಇಲ್ಲಿ ಯಾಕೆ ಬಿಚ್ಚುತ್ತೇವೆ?

ಕಳೆದ ಸಲ ರಜೆಯಲ್ಲಿ ಊರಿಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗನ್ನು ಬದಿಗೆ ತೆಗೆದಿಟ್ಟರು. ಸುರುಳಿ ಸುತ್ತಿದ ಹಗ್ಗ, ಲೋಹದ ಕೊಂಡಿಗಳು, ಕೈಗರಗಸದ ಹಲ್ಲು ಎಕ್ಸ್‌ರೇ ಪರದೆಯಲ್ಲಿ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. "ಇದೆಂತದು?" ಎಂದು ಅಧಿಕಾರಿ ಕೇಳಿದರು. "ಮರ ಹತ್ತುವ ಸಾಮಾನು ಸಾರ್. ನನ್ನ ಕೆಲಸ ಅದೇ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಪಾಸ್‌ಪೋರ್ಟ್ ನೋಡಿದರು. "ಗಲ್ಫಿನಿಂದ ಚಿನ್ನ ತರುವವರನ್ನು ಕಂಡಿದ್ದೇನೆ, ಹಗ್ಗ ತರುವವನನ್ನು ಇವತ್ತೇ ಕಂಡದ್ದು" ಎಂದು ನಕ್ಕು ಬಿಟ್ಟುಬಿಟ್ಟರು.

ನಾನೂ ನಕ್ಕೆ. ಆದರೆ ಆ ಹಗ್ಗ ಊರಿಗೆ ಬಂದ ಮೇಲೆ ಏನಾಯಿತು ಎಂದು ಹೇಳಬೇಕು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ.

ಮನೆಗೆ ಬಂದ ನಾಲ್ಕನೇ ದಿನ ಮಾಮನ ಮನೆಯಿಂದ ಕರೆ ಬಂತು. ಬಾವಿಕಟ್ಟೆಯ ಪಕ್ಕದ ತೆಂಗಿನ ಮರದಿಂದ ಒಣಗಿದ ಮಡಲು ಬೀಳುತ್ತಿದೆ, ಮಕ್ಕಳು ಓಡಾಡುವ ಜಾಗ, ಒಮ್ಮೆ ಶುಚಿ ಮಾಡಿಕೊಡು ಎಂದರು. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋದೆ. ಅಂಗಳದಲ್ಲಿ ಬೆಲ್ಟು, ಹೆಲ್ಮೆಟ್ಟು ಹೊರಗೆ ತೆಗೆಯುವಾಗ ಮಾಮ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಮೋನೆ, ಒಂದು ತೆಂಗಿನ ಮರಕ್ಕೆ ಇಷ್ಟೆಲ್ಲ ಎಂತಕ್ಕೆ? ನಿನ್ನ ಉಪ್ಪ ಬರೀ ತಳೆ ಹಾಕಿ ದಿವಸಕ್ಕೆ ಮೂವತ್ತು ಮರ ಹತ್ತುತ್ತಿದ್ದರು" ಎಂದರು. ಅಲ್ಲಿದ್ದ ಹುಡುಗರೂ ನಕ್ಕರು. ನಾನು ಎಂತ ಮಾಡಿದೆ ಗೊತ್ತಾ? ಬೆಲ್ಟನ್ನು ಮತ್ತೆ ಬ್ಯಾಗಿಗೆ ತುಂಬಿ, ಲುಂಗಿ ಎತ್ತಿ ಕಟ್ಟಿ, ಬರಿಗೈಯಲ್ಲಿ ಹತ್ತಿದೆ.

ಅಲ್ ಐನ್‌ನಲ್ಲಿ 14 ವರ್ಷ ಮರದ ಮೇಲೆ ಬೆಲ್ಟಿಲ್ಲದೆ ಒಂದು ನಿಮಿಷ ನಿಲ್ಲದವನು ಸ್ವಂತ ಊರಿನಲ್ಲಿ, ಸ್ವಂತ ಮಾಮನ ಅಂಗಳದಲ್ಲಿ, ನಾಲ್ಕು ಜನರ ನಗುವಿಗೆ ಹೆದರಿ ಅದನ್ನು ಬಿಚ್ಚಿಟ್ಟೆ. ಆ ದಿನ ನನಗೇನೂ ಆಗಲಿಲ್ಲ, ಅಲ್‌ಹಂದುಲಿಲ್ಲಾಹ್. ಎಲ್ಲರಿಗೂ ಹಾಗೆ ಆಗುವುದಿಲ್ಲ. ಅದಕ್ಕೇ ಈ ಬರಹ.

ಇಂಗ್ಲೆಂಡಿನಲ್ಲಿ ನಮ್ಮ ಕೆಲಸದವರನ್ನು ಟ್ರೀ ಸರ್ಜನ್ ಎನ್ನುತ್ತಾರೆ, ಮರದ ಶಸ್ತ್ರವೈದ್ಯ ಎಂದ ಹಾಗೆ. ಯಾವ ಕೊಂಬೆ ತೆಗೆದರೆ ಮರ ಉಳಿಯುತ್ತದೆ, ಎಲ್ಲಿ ಕೊಯ್ದರೆ ಗಾಯ ಮಾಯುತ್ತದೆ, ಮನೆ ಮೇಲೆ ವಾಲಿದ ಮರವನ್ನು ತುಂಡು ತುಂಡಾಗಿ ಹೇಗೆ ಇಳಿಸುವುದು ಎಂದು ಕಲಿತು, ಪರೀಕ್ಷೆ ಬರೆದು, ಸರ್ಟಿಫಿಕೇಟ್ ಪಡೆದ ಮೇಲೆಯೇ ಅಲ್ಲಿ ಹಗ್ಗ ಹಿಡಿಯುತ್ತಾರೆ. ನಮ್ಮಲ್ಲಿ ಅದಕ್ಕೆ ಇರುವ ಹೆಸರು 'ಮರ ಹತ್ತುವವ'. ಮದುವೆಯ ಮಾತುಕತೆಯಲ್ಲಿ "ಹುಡುಗನಿಗೆ ಎಂತ ಕೆಲಸ?" ಎಂದು ಕೇಳಿದರೆ, "ದುಬೈಯಲ್ಲಿ ಗಾರ್ಡನ್ ಕಂಪೆನಿ" ಎಂದು ಮನೆಯವರು ಹೇಳುತ್ತಾರೆ. ಮರ ಹತ್ತುತ್ತಾನೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಕೆಲಸದ ಬಗ್ಗೆ ನಾಚಿಕೆ ಇರುವಲ್ಲಿ ಕೆಲಸದ ಸಲಕರಣೆಯ ಬಗ್ಗೆಯೂ ನಾಚಿಕೆ ಇರುತ್ತದೆ. ನಾಚಿಕೆ ಇರುವಲ್ಲಿ ಸುರಕ್ಷತೆ ಇರುವುದಿಲ್ಲ.

ಅಲ್ಲಿಯ ಕೆಲಸ ಸುಲಭದ್ದಲ್ಲ. ಖರ್ಜೂರದ ಮರ ವರ್ಷದಲ್ಲಿ ಒಮ್ಮೆ ಹತ್ತಿ ಇಳಿದರೆ ಮುಗಿಯುವಂಥದ್ದಲ್ಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಗಂಡು ಹೂವಿನ ಹುಡಿಯನ್ನು ತಂದು ಹೆಣ್ಣು ಹೊಂಬಾಳೆಗೆ ಕೈಯಾರೆ ಹಾಕಬೇಕು. ಕಾಯಿ ಕಟ್ಟಿದ ಮೇಲೆ ಹೆಚ್ಚಿನದನ್ನು ತೆಗೆದು ಗೊನೆ ಹಗುರ ಮಾಡಬೇಕು, ಗೊನೆಯನ್ನು ಬಗ್ಗಿಸಿ ಗರಿಗೆ ಕಟ್ಟಬೇಕು, ಹಕ್ಕಿ ಮತ್ತು ಧೂಳಿನಿಂದ ಉಳಿಸಲು ಬಲೆಯ ಚೀಲ ತೊಡಿಸಬೇಕು. ಬೇಸಿಗೆಯಲ್ಲಿ ಕೊಯ್ಲು, ಆಮೇಲೆ ಒಣಗಿದ ಗರಿ ಕಡಿಯುವುದು. ಗರಿಯ ಬುಡದ ಮುಳ್ಳು ಸೂಜಿಯಂತೆ; ಕಣ್ಣಿಗೆ ಹೊಕ್ಕರೆ ಕಣ್ಣೇ ಹೋಗುತ್ತದೆ. ಇಷ್ಟಕ್ಕೂ ಅಲ್ಲಿಯವರು ತಲೆಮಾರುಗಳಿಂದ ಬಳಸುವ ಒಂದು ಪಟ್ಟಿ ಉಂಟು. ಎಮಿರೇಟ್ಸಿನಲ್ಲಿ ಅದಕ್ಕೆ ಹಾಬೂಲ್ ಎನ್ನುತ್ತಾರೆ, ಸೌದಿಯ ಅಲ್ ಅಹ್ಸಾ ಕಡೆ ಕರ್ರ್. ಬೆನ್ನಿಗೆ ಅಗಲವಾದ ಹೆಣೆದ ಪಟ್ಟಿ, ಅದರಿಂದ ಹೊರಟ ಹಗ್ಗ ಮರವನ್ನು ಸುತ್ತಿ ಬರುತ್ತದೆ. ಬೆನ್ನನ್ನು ಅದಕ್ಕೆ ಕೊಟ್ಟು ಎರಡೂ ಕೈ ಬಿಟ್ಟು ಕೆಲಸ ಮಾಡಬಹುದು. ಬಡ ರೈತನೂ ಅದಿಲ್ಲದೆ ಹತ್ತುತ್ತಿರಲಿಲ್ಲ.

ಈಗ ಕಂಪೆನಿಗಳಲ್ಲಿ ಬೆಲ್ಟು, ಹೆಲ್ಮೆಟ್ಟು, ಕನ್ನಡಕ, ಮ್ಯಾನ್‌ಲಿಫ್ಟ್ ಎಲ್ಲ ಬಂದಿದೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೊಲಿಗೆ ಬಿಟ್ಟಿದೆಯಾ, ಕೊಂಡಿಯ ಬಾಯಿ ಸರಿಯಾಗಿ ಮುಚ್ಚುತ್ತದಾ ಎಂದು ಫೋರ್‌ಮ್ಯಾನ್ ನೋಡುತ್ತಾನೆ. ಜೂನ್ 15ರಿಂದ ಸೆಪ್ಟಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುವುದಿಲ್ಲ. ಕಂಪೆನಿ ವೀಸಾದಲ್ಲಿ ಇರುವವನಿಗೆ ಒಂದು ಕಾನೂನು, ಯಾರದೋ ಖಾಸಗಿ ಮಝ್ರದಲ್ಲಿ ತೋಟದಾಳಾಗಿ ಹೋದವನಿಗೆ ಮನೆಗೆಲಸದವರ ಸಾಲಿನ ಬೇರೆ ಕಾನೂನು. ಎರಡನೆಯವನ ಕಷ್ಟ ಕೇಳುವವರು ಕಡಿಮೆ. ವೀಸಾ ಸಹಿ ಮಾಡುವ ಮೊದಲು ಯಾವ ಸಾಲಿಗೆ ಸೇರುತ್ತೇನೆ ಎಂದು ನಮ್ಮ ಹುಡುಗರು ಕೇಳುವುದೇ ಇಲ್ಲ. ಆದರೆ ಒಂದು ಮಾತಂತೂ ನಿಜ: ಕಂಪೆನಿ ಮರಕ್ಕೆ ಬೆಲ್ಟಿಲ್ಲದೆ ಹತ್ತಿದರೆ ಅಲ್ಲಿ ಯಾರೂ ನಮ್ಮನ್ನು ಗಂಡಸು ಎಂದು ಹೊಗಳುವುದಿಲ್ಲ. ಕೆಳಗಿಳಿಸಿ ಮನೆಗೆ ಕಳಿಸುತ್ತಾರೆ.

ನನ್ನ ಜೊತೆ ಒಂದೇ ರೂಮಿನಲ್ಲಿ ಒಂಬತ್ತು ವರ್ಷ ಇದ್ದ ಒಬ್ಬ ಗೆಳೆಯನ ಕಥೆ ಹೇಳುತ್ತೇನೆ. ಹೆಸರು ಬೇಡ. ನಮ್ಮ ತಾಲೂಕಿನವನೇ. ಖರ್ಜೂರದ ಮರದಲ್ಲಿ ಅವನಷ್ಟು ನಿಧಾನ, ಅವನಷ್ಟು ಜಾಗ್ರತೆಯ ಮನುಷ್ಯನನ್ನು ನಾನು ನೋಡಿಲ್ಲ. ಎರಡು ಹಗ್ಗ ಇಟ್ಟುಕೊಳ್ಳುತ್ತಿದ್ದ. ಎರಡನೆಯದನ್ನು ಕಟ್ಟದೆ ಮೊದಲನೆಯದನ್ನು ಬಿಚ್ಚುತ್ತಿರಲಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳ ರಜೆಗೆ ಊರಿಗೆ ಹೋದ. ತಂಗಿಯ ಮದುವೆಯ ಸಾಲ ಇತ್ತು. ರಜೆಯಲ್ಲೂ ಕೈ ಖಾಲಿ ಇಡಬಾರದೆಂದು ಊರಲ್ಲಿ ಮರದ ಕೆಲಸ ಹಿಡಿದ. ಬೆಲ್ಟು ಕಂಪೆನಿಯದ್ದು, ಅಲ್ಲೇ ಬಿಟ್ಟು ಹೋಗಿದ್ದ. ಯಾರದೋ ಮನೆಯ ಹಿಂದಿನ ತೆಂಗಿನ ಮರ. ಮಳೆ ನಿಂತು ಅರ್ಧ ಗಂಟೆ ಆಗಿತ್ತಷ್ಟೆ, ಮರದಲ್ಲಿ ಪಾಚಿ. ತುದಿಗೆ ಮುಟ್ಟಿದವನು ಹಿಡಿದದ್ದು ಒಣಗಿದ ಮಡಲು. ಅದು ಕಿತ್ತು ಬಂತು.

10 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡು ಬೇಕಾಗಿಲ್ಲ. ನೆಲ ಮುಟ್ಟುವಾಗ ಗಂಟೆಗೆ 50 ಕಿಲೋಮೀಟರ್ ವೇಗ. ಬಸ್ಸು ಬಂದು ಗುದ್ದಿದ ಹಾಗೆ. ಬೆನ್ನು ಮುರಿದಿತ್ತು. ಕೆಳಗಿದ್ದವರು ಗಾಬರಿಯಲ್ಲಿ ಅವನನ್ನು ಎತ್ತಿ, ಮಡಚಿ, ಆಟೋದಲ್ಲಿ ಕೂರಿಸಿಕೊಂಡು ಹೋದರು. ಅವರದ್ದು ಒಳ್ಳೆ ಮನಸ್ಸೇ. ಆದರೆ ಬಿದ್ದವನನ್ನು ಕೂರಿಸಬಾರದು, ಮಡಚಬಾರದು. ಉಸಿರಾಟ ನೋಡಿಕೊಂಡು, ಕುತ್ತಿಗೆ ಅಲುಗಾಡದಂತೆ ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಬೇಕು ಎಂದು ಯಾರಿಗೆ ಗೊತ್ತಿತ್ತು?

ಈಗ ಅವನು ಮಂಚದಲ್ಲಿದ್ದಾನೆ. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಎಮಿರೇಟ್ಸಿನ ವೀಸಾ ಸಾಮಾನ್ಯವಾಗಿ ರದ್ದಾಗುತ್ತದೆ, ಅವನದ್ದೂ ಹೋಯಿತು. ಕೆಲಸದಲ್ಲಿ ಇರುವಾಗ ಅಲ್ಲಿ ಬಿದ್ದಿದ್ದರೆ ಚಿಕಿತ್ಸೆ, ಪರಿಹಾರ ಕೇಳಲು ಕಾನೂನಿನ ಒಂದು ದಾರಿಯಾದರೂ ಇತ್ತು. ಇಲ್ಲಿ ಯಾರನ್ನು ಕೇಳುವುದು? ಮರದ ಯಜಮಾನರು ತಮ್ಮ ಕೈಲಾದದ್ದನ್ನು ಕೊಟ್ಟರು. ಮೂರು ಪಳ್ಳಿಗಳಲ್ಲಿ ಜುಮುಅ ನಂತರ ಬಕೆಟ್ ಹಿಡಿದರು, ಗಲ್ಫಿನ ಗೆಳೆಯರು ವಾಟ್ಸ್‌ಆ್ಯಪಿನಲ್ಲಿ ಸೇರಿಸಿ ಕಳಿಸಿದರು. ಒಂದು ವರ್ಷ ನಡೆಯಿತು. ಆಮೇಲೆ ಎಲ್ಲರಿಗೂ ಅವರವರ ತಾಪತ್ರಯ. ಈಗ ಅವನ ಹೆಂಡತಿ ಬೀಡಿ ಕಟ್ಟುತ್ತಾಳೆ. ನಾನು ನೋಡಲು ಹೋದಾಗ ಅವನು ಹೇಳಿದ ಮಾತು ಇದು: "ಅಲ್ಲಿ ಅಷ್ಟು ವರ್ಷ ಹೆದರಿಕೆಯಲ್ಲಿ ಹತ್ತಿದೆ, ಏನೂ ಆಗಲಿಲ್ಲ. ಇಲ್ಲಿ ನಮ್ಮ ಊರಲ್ಲವಾ ಎಂದು ಧೈರ್ಯದಲ್ಲಿ ಹತ್ತಿದೆ."

ನಮ್ಮ ಊರಿನ ಮರಗಳು ಖರ್ಜೂರದ ಮರಕ್ಕಿಂತ ಹೆಚ್ಚು ಅಪಾಯದವು. ಖರ್ಜೂರದ ಕಾಂಡದಲ್ಲಿ ಕಡಿದ ಗರಿಯ ಬುಡಗಳು ಮೆಟ್ಟಿಲಿನ ಹಾಗೆ ಇರುತ್ತವೆ. ಒಣ ಹವೆ, ಕಾಲು ಜಾರುವುದು ಕಡಿಮೆ. ಅಡಿಕೆ ಮರ ನುಣುಪು, ತೆಳ್ಳಗೆ, ಗಾಳಿಗೆ ಬಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ಬಿಡುವುದೇ ಜೋರು ಮಳೆಯ ಕಾಲದಲ್ಲಿ. ಹಲಸು, ಮಾವಿನ ಕೊಂಬೆ ಹೊರಗೆ ಹಸುರಾಗಿದ್ದರೂ ಒಳಗೆ ಟೊಳ್ಳು ಇರುತ್ತದೆ. ಕಣಜದ ಗೂಡು ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಕರೆಂಟು. ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿ ಹೋದ ಜೀವಗಳ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಒಳ್ಳೆಯದೇ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಅಡಿಕೆ ಕೊಯ್ಯಬಹುದು. ಹತ್ತದೇ ಇರುವುದಕ್ಕಿಂತ ದೊಡ್ಡ ಸುರಕ್ಷತೆ ಬೇರೆ ಇಲ್ಲ. ಆದರೆ ಕಾರ್ಬನ್ ಫೈಬರಿನಲ್ಲೂ ಕರೆಂಟ್ ಹರಿಯುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಅಷ್ಟೆ. ಲೈನಿನ ಹತ್ತಿರದ ಮರವಾದರೆ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ಕೈ ಹಾಕಬೇಕು.

"ಬೆಲ್ಟ್ ಕಟ್ಟಿದರೆ ಹೊತ್ತಾಗುತ್ತದೆ" ಎನ್ನುತ್ತಾರೆ. ಆಗುತ್ತದೆ, ಸುಳ್ಳಲ್ಲ. ಮೂವತ್ತು ಮರ ಹತ್ತುವಲ್ಲಿ ಇಪ್ಪತ್ತು ಆಗಬಹುದು. ಆ ಹತ್ತು ಮರದ ಮಜೂರಿ ಯಾರು ಕೊಡಬೇಕು ಎಂಬುದೇ ಪ್ರಶ್ನೆ. ಮರಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಚೌಕಾಸಿ ಮಾಡುವ ನಾವೇ ಅವನನ್ನು ಅವಸರ ಮಾಡಿಸುತ್ತೇವೆ. "ಬೆಲ್ಟಿಗೆ ದುಡ್ಡೆಲ್ಲಿ?" ಎನ್ನುತ್ತಾರೆ. ನನ್ನ ಬೆಲ್ಟು, ಎರಡು ಹಗ್ಗ, ಕೊಂಡಿ, ಹೆಲ್ಮೆಟ್ಟು ಎಲ್ಲ ಸೇರಿದರೆ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆ. ರಜೆಗೆ ಬರುವಾಗ ನಾವು ಅಂಥ ಎಷ್ಟು ಫೋನ್ ತಂದು ಹಂಚಿಲ್ಲ?

ಇನ್ನು ಕೆಲವರು, "ಬೀಳುವುದು ತಖ್‌ದೀರಿನಲ್ಲಿದ್ದರೆ ಬೆಲ್ಟು ಎಂತ ಮಾಡುತ್ತದೆ?" ಎನ್ನುತ್ತಾರೆ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂಬ ಪಾಠವನ್ನು ಮದ್ರಸದಲ್ಲಿ ಕಲಿಯದ ಮಗು ನಮ್ಮಲ್ಲಿಲ್ಲ. ಒಂಟೆಗೆ ಹಗ್ಗ ಬೇಕು ಎಂದಾದರೆ ಐದು ಮಕ್ಕಳ ಉಪ್ಪನಿಗೆ ಬೇಡವಾ?

ಈಗ ಗಲ್ಫಿನಲ್ಲಿ ಈ ಕೆಲಸದಲ್ಲಿರುವ ತಮ್ಮಂದಿರಿಗೆ ಎರಡು ಮಾತು. ಸಲಕರಣೆ ಕಂಪೆನಿಯದ್ದು ಅಲ್ಲಿ ಇರಲಿ, ನಿಮ್ಮದೇ ಒಂದು ಸೆಟ್ ಇಟ್ಟುಕೊಳ್ಳಿ, ರಜೆಗೆ ಬರುವಾಗ ಜೊತೆಗೆ ತನ್ನಿ. ಬೆಲ್ಟು, ಹಗ್ಗ, ಹೆಲ್ಮೆಟ್ಟು ತರಲು ತೊಂದರೆ ಇಲ್ಲ. ಕೈಗರಗಸ, ಕತ್ತಿಯ ಬಾಯಿಗೆ ದಪ್ಪ ರಟ್ಟು ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ, ಕೈಚೀಲದಲ್ಲಿ ಬೇಡ. ಪೆಟ್ರೋಲ್ ಗರಗಸ ತರುವ ಯೋಚನೆ ಬಿಡಿ. ಒಮ್ಮೆ ಪೆಟ್ರೋಲ್ ಕುಡಿದ ಯಂತ್ರದ ವಾಸನೆ ಬಂದರೂ ವಿಮಾನದವರು ತಡೆಯುತ್ತಾರೆ. ಬ್ಯಾಟರಿ ಗರಗಸವಾದರೆ ಬ್ಯಾಟರಿಯ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್-ಅವರ್ ಎರಡನ್ನೂ ಗುಣಿಸಿ ನೋಡಿ. 36 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿ 72 ವ್ಯಾಟ್-ಅವರ್, ಕೈಚೀಲದಲ್ಲಿ ತರಬಹುದು. 100 ದಾಟಿದರೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು. 160 ದಾಟಿದರೆ ಪ್ರಯಾಣಿಕರ ವಿಮಾನದಲ್ಲಿ ಇಲ್ಲವೇ ಇಲ್ಲ. ಅದೇ 36 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿ 180 ಆಗುತ್ತದೆ. ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಗುತ್ತದೆ. ದೊಡ್ಡ ಗರಗಸ ಬೇಕಾದರೆ ಇಲ್ಲೇ ಖರೀದಿಸಿ. ರಿಪೇರಿಗೆ ಬಿಡಿಭಾಗ ಸಿಗುವುದೂ ಇಲ್ಲೇ.

ಕಸ್ಟಮ್ಸ್ ಎಂದರೆ ನಮ್ಮವರಿಗೆ ಹೆದರಿಕೆ. ಆದರೆ ಕಸುಬಿನವನ ಸಾಮಾನಿಗೆ ನಿಯಮದಲ್ಲೇ ಜಾಗ ಉಂಟು. 1998ರ ಬ್ಯಾಗೇಜ್ ನಿಯಮದಲ್ಲಿ ಬಡಗಿ, ಪ್ಲಂಬರ್, ವೆಲ್ಡರ್, ಮೇಸ್ತ್ರಿ ಮತ್ತು ಅಂಥವರ ವೃತ್ತಿ ಸಲಕರಣೆ ಎಂದು ಹೆಸರು ಹಿಡಿದೇ ಬರೆದಿದ್ದರು. 2016ರ ನಿಯಮದಲ್ಲಿ ವಿದೇಶದಲ್ಲಿ ದುಡಿದು 3ರಿಂದ 6 ತಿಂಗಳೊಳಗೆ ಮರಳುವವರಿಗೆ 60 ಸಾವಿರ ರೂಪಾಯಿ, 6 ತಿಂಗಳಿಂದ ಒಂದು ವರ್ಷದವರಿಗೆ 1 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಸುಂಕ ವಿನಾಯಿತಿ ಇಟ್ಟರು. ಈ ಮಿತಿಗಳು ಬದಲಾಗುತ್ತಾ ಇರುತ್ತವೆ. ಹೊರಡುವ ಮೊದಲು ಈಗಿನದ್ದು ಎಷ್ಟು ಎಂದು ನೋಡಿಕೊಳ್ಳಿ. ಖರೀದಿಯ ಬಿಲ್ಲು ಕೈಯಲ್ಲಿರಲಿ. ಊರಿನಿಂದ ಬೆಲೆಬಾಳುವ ಸಲಕರಣೆ ಆ ಕಡೆಗೆ ಒಯ್ಯುವುದಾದರೆ ಹೋಗುವಾಗಲೇ ಕಸ್ಟಮ್ಸಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಮರಳಿ ತರುವಾಗ ಹೊಸತು ಎಂದು ಯಾರೂ ಸುಂಕ ಕೇಳುವುದಿಲ್ಲ.

ಸಾಮಾನು ತರುವ ಮೊದಲು ತೊಳೆದು ಒಣಗಿಸಿ. ಇದು ಬರೀ ಶುಚಿತ್ವದ ಮಾತಲ್ಲ. ನಮ್ಮ ತೆಂಗಿನ ಮರ ಕೊಲ್ಲುವ ಕೆಂಪುಮೂತಿ ಹುಳು ಮೂಲತಃ ನಮ್ಮ ಏಷ್ಯಾದ ಈ ಭಾಗದ್ದು. 1980ರ ದಶಕದ ನಡುವಿನಲ್ಲಿ ಅದು ಗಲ್ಫಿನ ಖರ್ಜೂರದ ತೋಟಗಳಿಗೆ ಹೊಕ್ಕಿತು. ಹುಳ ಹಿಡಿದ ಸಸಿಗಳ ಸಾಗಾಟದಲ್ಲೇ ಅದು ಊರಿಂದ ಊರಿಗೆ ಹಬ್ಬಿದ್ದು. ಅಲ್ಲಿ ಹಸಿ ಗಾಯದ ವಾಸನೆಗೆ ಹುಳ ಬರುತ್ತದೆಂದು ಕಡಿದ ಜಾಗಕ್ಕೆ ಮದ್ದು ಹಚ್ಚುವುದನ್ನು, ಕಾಂಡದಿಂದ ಕಂದು ರಸ ಸೋರುತ್ತದಾ, ಅಗಿದ ನಾರು ಹೊರಗೆ ಬಂದಿದೆಯಾ ಎಂದು ನೋಡುವುದನ್ನು ನಾವು ಕಲಿಯುತ್ತೇವೆ. ಅದೇ ವಿದ್ಯೆ ಊರಿನ ತೆಂಗಿಗೂ ಬೇಕು. ಹಾಗಾಗಿ ವಿದ್ಯೆ ತನ್ನಿ, ಖರ್ಜೂರದ ಸಸಿ ಕದ್ದು ತರಬೇಡಿ. ಒಬ್ಬನ ಆಸೆಗೆ ಊರಿನ ತೋಟವೇ ಹೋಗಬಹುದು.

ಇನ್ನೊಂದು ಸಲಕರಣೆ ಉಂಟು, ಅದು ಕಾಗದ. ಅಲ್ ಐನ್‌ನ ಓಯಸಿಸ್‌ಗಳು 2011ರಲ್ಲಿ, ಅಲ್ ಅಹ್ಸಾ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2019ರಲ್ಲಿ ಖರ್ಜೂರದ ಮರಕ್ಕೆ ಸಂಬಂಧಿಸಿದ ತಿಳಿವಳಿಕೆ, ಕೌಶಲ, ಸಂಪ್ರದಾಯಗಳನ್ನೇ ಮಾನವ ಕುಲದ ಪರಂಪರೆ ಎಂದು ಯುನೆಸ್ಕೊ ಗುರುತಿಸಿತು. ಆ ಕೌಶಲ ಇವತ್ತು ಬಹುಪಾಲು ಯಾರ ಕೈಯಲ್ಲಿದೆ? ಹೊರಗಿನಿಂದ ಹೋದ ನಮ್ಮಂಥವರ ಕೈಯಲ್ಲಿ. ಆದರೆ ನನ್ನ ವೀಸಾದಲ್ಲಿ 14 ವರ್ಷದಿಂದ ಇರುವ ಶಬ್ದ 'ಲೇಬರ್'. ಕೆಲಸ ಬಿಟ್ಟು ಬರುವ ದಿನ ಕೈಯಲ್ಲಿ ಸಾಕ್ಷಿ ಏನೂ ಇರುವುದಿಲ್ಲ. ಅದಕ್ಕೇ ಹೇಳುವುದು: ಕಂಪೆನಿಯಿಂದ ಎಷ್ಟು ವರ್ಷ, ಯಾವ ಕೆಲಸ, ಯಾವ ತರಬೇತಿ ಎಂದು ಬರೆದ ಪತ್ರ ಕೇಳಿ ತೆಗೆದುಕೊಳ್ಳಿ. ಊರಲ್ಲಿ ತರಬೇತಿಗೂ ದಾರಿ ಇಲ್ಲದಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಲ್ಲಿ ತೆಂಗಿನ ಮರ ಏರುವ ತರಬೇತಿ ಕೊಡುತ್ತಾ ಬಂದಿದೆ. ಮರ ಏರುವವರಿಗೆಂದೇ ಕೇರ ಸುರಕ್ಷಾ ಎಂಬ ವಿಮೆಯೂ ಅದರಲ್ಲುಂಟು. ವಿಟ್ಲದ ಸಿಪಿಸಿಆರ್‌ಐಯಲ್ಲಿ ಅಡಿಕೆ ಮರ ಏರುವ ತರಬೇತಿ ನಡೆದಿದೆ. ಬ್ಯಾಂಕಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ವರ್ಷಕ್ಕೆ 20 ರೂಪಾಯಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಉಂಟು. ವಿಮೆಯ ಮಸ್‌ಅಲದಲ್ಲಿ ಅನುಮಾನ ಇರುವವರು ಉಸ್ತಾದರನ್ನು ಕೇಳಿಕೊಳ್ಳಿ. ಆದರೆ ಕೇಳದೆ, ತಿಳಿಯದೆ, ಮಾಡದೆ ಸುಮ್ಮನಿರಬೇಡಿ.

ಈಗ ಮನೆಯವರಿಗೆ. ಮರ ನಿಮ್ಮದು, ಹತ್ತುವವನು ನಿಮ್ಮ ಮಾತಿಗೆ ಹತ್ತುತ್ತಾನೆ. ಅವನು ಅಂಗಳಕ್ಕೆ ಬಂದಾಗ ಮೊದಲು ಕೇಳಬೇಕಾದದ್ದು "ಮರಕ್ಕೆ ಎಷ್ಟು?" ಎಂದಲ್ಲ, "ಬೆಲ್ಟ್ ಎಲ್ಲಿ?" ಎಂದು. ಇಲ್ಲದಿದ್ದರೆ ಇವತ್ತು ಬೇಡ ಎನ್ನಿ. ಮಳೆ ಬಿಟ್ಟ ತಕ್ಷಣ ಹತ್ತಲು ಹೇಳಬೇಡಿ. ಕೆಳಗೆ ಒಬ್ಬರು ಅವನನ್ನೇ ನೋಡಿಕೊಂಡು ನಿಂತಿರಲಿ. ಬೆಲ್ಟಿನಲ್ಲಿ ಪ್ರಜ್ಞೆ ತಪ್ಪಿ ನೇತಾಡುವವನನ್ನೂ ಬೇಗ ಇಳಿಸದಿದ್ದರೆ ಜೀವಕ್ಕೆ ಅಪಾಯ. ನಿಧಾನವಾಗಿ ಹತ್ತಿದ್ದಕ್ಕೆ ಮಜೂರಿ ಕಡಿಮೆ ಮಾಡಬೇಡಿ, ಹೆಚ್ಚು ಕೊಡಿ. ಮನೆಯ ಹೆಂಗಸರೇ ಇದನ್ನು ಶುರು ಮಾಡಬೇಕು ಎಂದು ನನ್ನ ಆಸೆ. ಹಗಲು ಹೊತ್ತು ಹತ್ತುವವನನ್ನು ಕರೆಯುವವರು, ಅವನಿಗೆ ಚಾ ಕೊಡುವವರು ಅವರೇ. "ಬೆಲ್ಟ್ ಕಟ್ಟಿಕೊಳ್ಳು ಮೋನೆ" ಎಂದು ಒಬ್ಬ ಉಮ್ಮ ಹೇಳಿದರೆ ಯಾವ ಹುಡುಗನೂ ನಗುವುದಿಲ್ಲ.

ಕೊನೆಗೆ ಜಮಾಅತಿನವರಿಗೆ ಒಂದು ವಿನಂತಿ. ನಮ್ಮ ಪಳ್ಳಿಗಳಲ್ಲಿ ಮದುವೆಗೆ ಬೇಕಾದ ದೊಡ್ಡ ಪಾತ್ರೆಗಳಿವೆ, ಪೆಂಡಾಲಿನ ಕುರ್ಚಿಗಳಿವೆ, ಮಯ್ಯತ್ ಹೊರುವ ಮಂಚ ಇದೆ. ಎಲ್ಲರಿಗೂ ಬೇಕಾದ್ದು, ಒಬ್ಬೊಬ್ಬರು ಕೊಂಡಿಡಲಾಗದ್ದು ಎಂದು ಹಿರಿಯರು ಸೇರಿ ಮಾಡಿಟ್ಟದ್ದು. ಅದೇ ಕೋಣೆಯಲ್ಲಿ ಮರ ಹತ್ತುವ ಎರಡು ಸೆಟ್ ಸಲಕರಣೆ ಯಾಕೆ ಇರಬಾರದು? ಗಲ್ಫಿನಲ್ಲಿರುವ ಜಮಾಅತಿನ ಹುಡುಗರು ಸೇರಿದರೆ ಒಂದೇ ತಿಂಗಳಲ್ಲಿ ಆಗುವ ಕೆಲಸ. ಆದರೆ ತಂದಿಟ್ಟು ಮರೆಯುವ ಹಾಗಿಲ್ಲ. ಕೆಲಸ ಬಲ್ಲ ಒಬ್ಬರ ಕೈಯಲ್ಲಿ ಬೀಗದ ಕೈ ಇರಬೇಕು. ಯಾರು ಒಯ್ದರು, ಯಾವಾಗ ತಂದರು ಎಂದು ಪುಸ್ತಕದಲ್ಲಿ ಬರೆಯಬೇಕು. ಹೊಲಿಗೆ, ಕೊಂಡಿ ಪ್ರತಿ ಸಲ ನೋಡಬೇಕು. ಒಮ್ಮೆ ಬಿದ್ದವನನ್ನು ತಡೆದ ಬೆಲ್ಟನ್ನು ಮತ್ತೆ ಬಳಸಬಾರದು, ಕತ್ತರಿಸಿ ಬಿಸಾಡಬೇಕು. ನೋಡಲು ಚಂದ ಇದ್ದರೂ ತಯಾರಕರು ಹೇಳಿದ ಅವಧಿ ದಾಟಿದ್ದನ್ನು ಇಡಬಾರದು. ಬಟ್ಟೆಯ ಬೆಲ್ಟಿಗೆ ಹೆಚ್ಚೆಂದರೆ 10 ವರ್ಷ ಎನ್ನುತ್ತಾರೆ. ಮರ ಹತ್ತುವವರು ಎಲ್ಲ ಜಾತಿ, ಧರ್ಮದವರೂ ಇದ್ದಾರೆ. ಯಾರು ಬಂದು ಕೇಳಿದರೂ ಕೊಡಬೇಕು. ಬೀಳುವ ದೇಹಕ್ಕೆ ಜಮಾಅತ್ ಇಲ್ಲ.

ಮಯ್ಯತ್ ಮಂಚ ಎಲ್ಲ ಪಳ್ಳಿಯಲ್ಲೂ ಇರಲೇಬೇಕು, ಅದು ಬೇಡ ಎನ್ನುವವನು ನಾನಲ್ಲ. ಅದರ ಪಕ್ಕದ ಗೋಡೆಗೆ ಒಂದು ಬೆಲ್ಟು ನೇತಾಡುತ್ತಿದ್ದರೆ, ಆ ಮಂಚವನ್ನು ಅವಧಿಗೆ ಮುಂಚೆ ಹೊರಗೆ ತೆಗೆಯುವ ಒಂದೆರಡು ಸಂದರ್ಭವಾದರೂ ತಪ್ಪೀತು ಎಂದಷ್ಟೇ ನನ್ನ ಮಾತು.

ಈ ಸಲ ರಜೆಗೆ ಬಂದು ವಾರವಾಯಿತು. ಮಾಮನ ಮನೆಯಿಂದ ಮತ್ತೆ ಕರೆ ಬಂದಿದೆ, ಅದೇ ಬಾವಿಕಟ್ಟೆಯ ತೆಂಗಿನ ಮರ. ಬ್ಯಾಗ್ ಒಯ್ಯುತ್ತೇನೆ. ಮಾಮ ನಗಲಿ, ಹುಡುಗರೂ ನಗಲಿ. ಬೆಲ್ಟ್ ಕಟ್ಟದೆ ಮರಕ್ಕೆ ಕಾಲಿಡುವುದಿಲ್ಲ.